ತೂಬಿರುವ ಸಮುದ್ರ

ಸಮುದ್ರಕ್ಕೆ ತೂಬು ಇರುವುದಿಲ್ಲ ಎಂದು ಆ ಪುಣ್ಯಾತ್ಮರಿಗೆ ಎಷ್ಟು ಸಲ ಹೇಳಿದೆನೋ, ದೇವರೇ ಬಲ್ಲ. ತೂಬು ಇರುವುದು ಕೆರೆಗೆ. ಬೇಕಾದಾಗ ಎತ್ತಿ ಗದ್ದೆಗೆ ನೀರು ಬಿಡಬೇಕಲ್ಲ, ಅದಕ್ಕೆ. ಸಮುದ್ರದ ಉಪ್ಪು ನೀರನ್ನು ಯಾರಪ್ಪನ ಗದ್ದೆಗೆ ಬಿಡುತ್ತೀರಿ ಎಂದು ನಾನು ಸಿಡುಕಿದರೆ, ಸಾಹೇಬರು ಕನ್ನಡಕವನ್ನು ಹಣೆಗೆ ಏರಿಸಿ, ಗುಳಿಗೆಯ ಸ್ಟ್ರಿಪ್ ಕತ್ತರಿಸುವ ಕತ್ತರಿಯನ್ನು ಅಂಗಡಿಯ ಕೌಂಟರಿನ ಗಾಜಿನ ಮೇಲೆ ಟಕ್ಕೆಂದು ಇಟ್ಟು, "ನಮ್ಮ ಸಮುದ್ರಕ್ಕ ಐತ್ರಿ ಟೀಚರ್" ಎನ್ನುತ್ತಿದ್ದರು. ಅಲ್ಲಿಗೆ ಮಾತು ಮುಗಿಯಿತು. ಕಾದಂಬರಿ ಅವರದು, ಸಮುದ್ರವೂ ಅವರದು. ಈ ಚಳಿಗಾಲದಲ್ಲಿ ಅವರು ಹೋಗಿಬಿಟ್ಟರು. ಆ ಸಮುದ್ರವನ್ನೂ ಅದರ ತೂಬನ್ನೂ ನನ್ನ ಕೊರಳಿಗೆ ಕಟ್ಟಿ ಹೋದರು ನೋಡಿ, ಅದಕ್ಕೇ ಅವರ ಮೇಲೆ ನನಗಿನ್ನೂ ಸಿಟ್ಟು.

ಸವಣೂರಿನಲ್ಲಿ, ಯಲವಿಗಿ ಸ್ಟೇಷನ್ನಿನ ಕಡೆ ಹೋಗುವ ರಸ್ತೆಯಲ್ಲಿ, ಕಾಲೇಜಿನ ಎದುರಿಗೆ ಅವರದೊಂದು ಔಷಧದ ಅಂಗಡಿ. ಅದರ ಪಕ್ಕದ ಮನೆ ನನ್ನದು. ಹೆಣ್ಣುಮಕ್ಕಳ ಶಾಲೆಯಲ್ಲಿ ಕನ್ನಡ ಕಲಿಸಿ ನಿವೃತ್ತಳಾದವಳು ನಾನು. ಅವರ ಮಗಳು ನಸೀಮಾ ನನ್ನ ಶಿಷ್ಯೆ. ಊರೆಲ್ಲ ಅವರನ್ನು ಸಾಹೇಬರು ಎನ್ನುತ್ತಿತ್ತು, ನಾನೂ ಹಾಗೆಯೇ ಕರೆಯುತ್ತಿದ್ದೆ. ಗುಳಿಗೆ ಕೊಡುವ ಮೊದಲು "ಊಟ ಆಗೈತೇನು?" ಎಂದು ಕೇಳದೆ ಅವರು ಯಾರನ್ನೂ ಕಳಿಸಿದವರಲ್ಲ. ಓದು ಬಾರದವರಿಗೆ ಗುಳಿಗೆಯ ಪೊಟ್ಟಣದ ಮೇಲೆ ಮುಂಜಾನೆಗೆ ಸೂರ್ಯ, ರಾತ್ರಿಗೆ ಚಂದ್ರ ಬರೆದುಕೊಡುತ್ತಿದ್ದರು. ಸೂರ್ಯನಿಗೆ ಮೀಸೆ ಬೇರೆ. ಯಾಕೆಂದು ಕೇಳಿದರೆ, ಮುಂಜಾನೆಯ ಗುಳಿಗೆಯನ್ನು ಹೆದರಿಯಾದರೂ ನುಂಗಲಿ ಅಂತ, ಎಂದು ನಗುತ್ತಿದ್ದರು.

ಆದರೆ ಕೊಡಬಾರದ್ದನ್ನು ಕೊಡದೇ ಇರುವುದರಲ್ಲಿ ಅವರು ಬಲು ಗಟ್ಟಿ. ನೋವಿನ ಗುಳಿಗೆಯನ್ನು ಅಮಲಿಗೆ ನುಂಗುವ ಹುಡುಗರು ನಮ್ಮ ಸುತ್ತಲಿನ ಊರುಗಳಲ್ಲಿ ಈಗ ಕಡಿಮೆಯೇನಿಲ್ಲ. ಒಮ್ಮೆ ಹಾನಗಲ್ ಕಡೆಯವನೊಬ್ಬ ಅಜ್ಜಿಗೆ ಬೇಕೆಂದು ಮಾಸಿದ ಚೀಟಿ ಹಿಡಿದು ಬಂದ. "ಹೋದ ವಾರ ನಿಮ್ಮಜ್ಜಿಗೆ ಮಣಕಾಲು. ಈ ವಾರ ಬೆನ್ನು. ಪಾಪ, ಮ್ಯಾಲೆ ಮ್ಯಾಲೆ ಹೊಂಟೈತಿ. ಅಜ್ಜಿನ್ನ ಕರ್ಕೊಂಡು ಬಾರಪಾ, ಕುಂದರಿಸಿ ಚಹಾ ಕುಡಿಸ್ತೇನಿ" ಎಂದರು ಸಾಹೇಬರು. ಅವನು ಬೈದು ಗಾಜಿಗೆ ಒದ್ದು ಹೋದ. ಒಡೆದ ಗಾಜನ್ನು ಆರಿಸುತ್ತ ಅವರು ನನಗೆ ಹೇಳಿದ್ದು ಇಷ್ಟೇ: "ಔಷಧ ಕೊಡೂದು ಸರಳ ಐತ್ರಿ. ಕೊಡಂಗಿಲ್ಲ ಅನ್ನಾಕ ಡಿಪ್ಲೊಮಾ ಬೇಕು."

ಇಂಥವರು ಕಾದಂಬರಿ ಬರೆಯುತ್ತಿದ್ದಾರೆ ಎಂದು ತಿಳಿದಾಗ ನನಗೆ ನಗು ಬಂತು. ಔಷಧದ ಕಂಪನಿಯವರು ಪುಕ್ಕಟೆ ಕೊಡುವ ಪ್ಯಾಡುಗಳ ಮೇಲೆ, ಮೂಲೆಯಲ್ಲಿ ಹೃದಯದ ಚಿತ್ರವೋ ಮೂತ್ರಪಿಂಡದ ಚಿತ್ರವೋ ಇರುವ ಹಾಳೆಗಳ ಮೇಲೆ, ಹೆದರಿಕೆಯ ಕಾದಂಬರಿ! ಸಮುದ್ರದ ದಂಡೆಗೆ ಒಂದು ಪಟ್ಟಣ. ತೆರೆಯ ಸಪ್ಪಳ ಕೇಳಬಾರದೆಂದು ಅಲ್ಲಿಯವರೆಲ್ಲ ಗುಳಿಗೆ ನುಂಗುತ್ತಾರೆ. ನುಂಗಿ ಸತ್ತವರನ್ನು ಸಮುದ್ರಕ್ಕೆ ಹಾಕಿದರೆ, ಸಂಜೆ ಅವರು ತೊಯ್ದ ಬಟ್ಟೆಯಲ್ಲೇ ಎದ್ದು ಬಂದು ಔಷಧದ ಅಂಗಡಿಯ ಮುಂದೆ ಸರದಿಯಲ್ಲಿ ನಿಲ್ಲುತ್ತಾರೆ, ಗುಳಿಗೆಯ ತಾರೀಖು ಮುಗಿದಿತ್ತು ಎಂದು ತಕರಾರು ಮಾಡುತ್ತಾರೆ. ಆ ಊರಿನ ಪೊಲೀಸ್ ಫೌಜದಾರ ಸತ್ತು ವರ್ಷಗಳಾಗಿವೆ. ದಿನಾ ತಪ್ಪದೆ ಡ್ಯೂಟಿಗೆ ಬರುವುದರಿಂದ ಯಾರಿಗೂ ಗೊತ್ತಾಗಿಲ್ಲ. ಗುಳಿಗೆ ಮಾರುವ ಸಾಹುಕಾರನ ಹೆಸರು ಲಂಗರಪ್ಪ. ಅವನು ಎಲ್ಲಿ ನಡೆದರೂ ಹಿಂದೆ ಹಸಿ ಹೆಜ್ಜೆ ಮೂಡುತ್ತದೆ. ಅವನೂ ಎಂದೋ ಮುಳುಗಿ ಸತ್ತವನೇ, ಆದರೆ ಅವನಿಗದು ತಿಳಿದಿಲ್ಲ.

"ಸಮುದ್ರದ ದಂಡಿ ಯಾಕ್ರಿ ಸಾಹೇಬ್ರ? ಸವಣೂರು ಅಂತನ ಬರೀರಿ" ಎಂದೆ. "ಸವಣೂರು ಅಂತ ಬರದ್ರ ಸವಣೂರಾಗ ಬಾಳೇ ಮಾಡಾಕ ಬಿಡ್ತಾರೇನ್ರಿ? ಅದಕ್ಕ ದೂರ ಒಯ್ದು ಇಟ್ಟೇನಿ" ಎಂದರು. ಸಮುದ್ರವನ್ನು ಅವರು ಕಂಡವರೇ ಅಲ್ಲ. ಕಂಡ ದೊಡ್ಡ ನೀರೆಂದರೆ ಮಾಸೂರಿನ ಮದಗದ ಕೆರೆ. ಅವರ ಅಪ್ಪ ಸೈಕಲ್ಲಿನ ಮೇಲೆ ಮುಲಾಮಿನ ಪೆಟ್ಟಿಗೆ ಕಟ್ಟಿಕೊಂಡು ಹಿರೇಕೆರೂರು ಸೀಮೆಯ ಹಳ್ಳಿ ತಿರುಗುವಾಗ ಇವರನ್ನೂ ಹಿಂದೆ ಕೂರಿಸಿಕೊಂಡು ಹೋಗುತ್ತಿದ್ದರಂತೆ. ಹಾಗಾಗಿ ಅವರ ಸಮುದ್ರಕ್ಕೆ ಏರಿ ಇದೆ, ತೂಬು ಇದೆ, ಏರಿಯ ಕೆಳಗೆ ಭತ್ತದ ಗದ್ದೆಯೂ ಇದೆ. ನಾನು ಶಾಲೆಯ ಮಕ್ಕಳೊಂದಿಗೆ ಕಾರವಾರಕ್ಕೆ ಹೋಗಿ ಬಂದವಳು. ಇದನ್ನು ಹೇಗೆ ಸಹಿಸಲಿ?

ಆ ತಿರುಗಾಟದ ಇನ್ನೊಂದು ಕತೆಯನ್ನು ಅವರು ಮೇಲಿಂದ ಮೇಲೆ ಹೇಳುತ್ತಿದ್ದರು. ಶ್ರಾವಣದಲ್ಲಿ ಅಬಲೂರಿನ ಹತ್ತಿರದ ಒಂದು ಹಳ್ಳಿಯಲ್ಲಿ ತಂಗಿದ್ದಾಗ ಅಲ್ಲೊಂದು ಮನೆಯಲ್ಲಿ ಪುರಾಣ ಹಚ್ಚಿದ್ದರು, ಎಂದರೆ ದಿನಾ ಸಂಜೆ ಒಬ್ಬರು ಓದಿ ಹೇಳುವುದು, ಊರು ಕೂತು ಕೇಳುವುದು. ಆ ಕಡೆ ಒಂದು ಕಟ್ಟು ಇತ್ತಂತೆ. ಪುರಾಣ ಹಚ್ಚಿದ ದಿನ ಎಲೆ ಅಡಿಕೆ ಮುಟ್ಟಿದವನು, ಮಂಗಳ ಹಾಡಿ ಪುರಾಣ ಮುಗಿಸುವವರೆಗೆ, ಆ ಮನೆಯ ಮೇಲಾಗಲಿ ಜೊತೆಗೆ ಕೂತು ಕೇಳಿದವರ ಮೇಲಾಗಲಿ ಕೈ ಎತ್ತುವಂತಿಲ್ಲ. ಬದುವಿನ ಜಗಳದಲ್ಲಿ ಕೊಡಲಿ ಹಿಡಿದಿದ್ದ ಅಣ್ಣತಮ್ಮಂದಿರಿಬ್ಬರು ಅಲ್ಲಿ ತಿಂಗಳಿಡೀ ಮಗ್ಗುಲಲ್ಲೇ ಕೂತು ಪುರಾಣ ಕೇಳಿದರಂತೆ. "ಒಂದ ತಂಬಿಗಿ ನೀರು ಕುಡದ್ರು ಟೀಚರ್! ಮಂಗಳಾದ ಮರುದಿನ ತಲಿ ಒಡಕೊಂಡ್ರು" ಎಂದು ಹೇಳಿ, ಕಣ್ಣಲ್ಲಿ ನೀರು ಬರುವಷ್ಟು ನಗುತ್ತಿದ್ದರು. ಕೊನೆಗೆ ಕಣ್ಣೊರೆಸಿಕೊಂಡು, "ಆ ಪುರಾಣ ಇನ್ನೊಂದಿಷ್ಟು ಉದ್ದ ಇರಬೇಕಿತ್ತು" ಎನ್ನುತ್ತಿದ್ದರು.

ಒಂದು ಗುರುವಾರ, ಸಂಜೆಯ ಬಿಸಿಲು ಇನ್ನೂ ರಸ್ತೆಯಲ್ಲಿತ್ತು. ಗಿರಾಕಿ ಇರಲಿಲ್ಲ. ಕಾದಂಬರಿಯ ಮೊದಲ ಅಧ್ಯಾಯವನ್ನು ಓದಿ ಹೇಳಿ ತಪ್ಪು ತಿದ್ದಿಸಿಕೊಳ್ಳಲು ನನ್ನನ್ನು ಕರೆದಿದ್ದರು. ಅಷ್ಟರಲ್ಲಿ ಒಂದು ಕಾರು ಬಂದು ನಿಂತಿತು. ಇಳಿದವನನ್ನು ನಾನು ಬಲ್ಲೆ. ಶಿಗ್ಗಾಂವಿಯಲ್ಲಿ ಹೆಸರಿಗೆ ಒಣಮೆಣಸಿನಕಾಯಿಯ ದಲಾಲಿ, ಒಳಗಿನ ವ್ಯಾಪಾರ ಅಮಲಿನ ಗುಳಿಗೆಯದು ಎಂದು ಎಲ್ಲರೂ ಪಿಸುಗುಡುತ್ತಿದ್ದ ಮನುಷ್ಯ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಮೆತ್ತನೆಯ ದನಿ. ಕಾಗದ ಸುತ್ತಿದ ಒಂದು ಡಬ್ಬಿಯನ್ನು ಗಾಜಿನ ಮೇಲೆ ಇಟ್ಟ.

"ಕಾಲೇಜಿನ ಎದುರಿಗೆ ಇಂಥಾ ಅಂಗಡಿ ಇಟ್ಕೊಂಡು ಬರೇ ಕೆಮ್ಮಿನ ಔಷಧ ಮಾರಿದ್ರ ಹೆಂಗ್ರಿ ಸಾಹೇಬ್ರ?" ಎಂದ. ಸಾಹೇಬರು ಕೊಡಂಗಿಲ್ಲ ಎಂದರು. "ಬ್ಯಾಡ ಅಂದ್ರ ಬ್ಯಾಡ ಬಿಡ್ರಿ. ಆದ್ರ ಇದ ಡಬ್ಬಿ ನಿಮ್ಮ ಕಪಾಟದ ಹಿಂದ ಸಿಕ್ತು ಅಂತ ಯಾರಾರ ಬಂದು ಜಪ್ತಿ ಮಾಡಿದ್ರ? ನಂದಲ್ಲ ಅಂತೀರಿ. ನಿಮ್ಮನ್ನ ಯಾರು ನಂಬಬೇಕ್ರಿ? ಲೈಸನ್ಸ್ ಈಗ ಮಗಳ ಹೆಸರಿಗೆ ಐತಂತಲ್ಲ" ಎಂದು ಅವನು ಒಳಗೆ ಔಷಧ ಜೋಡಿಸುತ್ತಿದ್ದ ನಸೀಮಾಳ ಕಡೆ ನೋಡಿದ. ಸಾಹೇಬರು ಕೈಯಲ್ಲಿದ್ದ ಹಾಳೆಯನ್ನು ಮಡಚಿದರು, ಮತ್ತೆ ಬಿಡಿಸಿದರು. ಹೆದರಿದ್ದರು, ಸುಳ್ಳೇಕೆ ಹೇಳಲಿ.

ಆ ಹೆದರಿಕೆಯಲ್ಲೇ, "ತಮ್ಮದು ಮೂಲ ಯಾವೂರ್ರಿ?" ಎಂದು ಕೇಳಿದರು.

"ಮಾಸೂರ ಕೆರಿ ಕೆಳಗ. ಯಾಕ?"

"ಹಂಗಾರ ಪುರಾಣ ಕೇಳಿ ಬೆಳದವರು."

"ನಮ್ಮಪ್ಪನ ಹಚ್ಚಿಸ್ತಿದ್ದ."

"ಇಲ್ಲೂ ಇವತ್ತ ಒಂದು ಪುರಾಣ ಹಚ್ಚೇವ್ರಿ. ಬಾಗಿಲಿಗೆ ಬಂದವರನ್ನ ಹಂಗ ಕಳಸಬಾರದು" ಎನ್ನುತ್ತ ಸಾಹೇಬರು ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿ ಸದಾ ಇರುತ್ತಿದ್ದ ಸವಣೂರಿನ ಎಳೆ ಎಲೆ, ಎರಡು ಅಡಿಕೆಯ ಹೋಳು ತೆಗೆದು, ತಮ್ಮ ಅಡಿಕೆ ಡಬ್ಬಿಯ ಮುಚ್ಚಳದ ಮೇಲಿಟ್ಟು ಎರಡೂ ಕೈಯಿಂದ ಮುಂದೆ ಹಿಡಿದರು. ದಲಾಲಿಯ ಕೈ ತಾನಾಗಿಯೇ ಮುಂದೆ ಬಂತು. ಎಲೆಯನ್ನು ಕಣ್ಣಿಗೆ ಒತ್ತಿಕೊಂಡು ಬಾಯಿಗೆ ಹಾಕಿಕೊಂಡ. ಎರಡು ಸಲ ಅಗಿದ ಮೇಲೆ ಅವನ ದವಡೆ ನಿಂತಿತು. ಏನಾಯಿತೆಂದು ಅವನಿಗೂ ಹೊಳೆಯಿತು, ನನಗೂ ಹೊಳೆಯಿತು. ಉಗುಳುವಂತಿಲ್ಲ, ನುಂಗುವಂತಿಲ್ಲ. ಕೆಂಪು ಬಾಯಿಯಲ್ಲಿ ನಿಂತೇ ಇದ್ದ.

"ಮಂಗಳ ಯಾವಾಗ?" ಎಂದ ಕೊನೆಗೆ.

"ಈಗರ ಹಚ್ಚೇವಿ. ಕುಂದರ್ರಿ."

ಅವನು ತಾನು ತಂದ ಡಬ್ಬಿಯನ್ನು ಎತ್ತಿ ತೊಡೆಯ ಮೇಲಿಟ್ಟುಕೊಂಡು ಕೂತ. "ನಿಮ್ಮ ಪುರಾಣದಾಗ ದೇವರು ಯಾರ್ರಿ?" ಎಂದು ಕೇಳಿದ. "ಇನ್ನೂ ಬಂದಿಲ್ಲ" ಎಂದು ಸಾಹೇಬರು ಓದಲು ಶುರು ಮಾಡಿದರು.

ಹೋಗುವಾಗ ದಲಾಲಿ, "ಮಂಗಳಾದ ಮರುದಿನ ಬರ್ತೇನಿ" ಎಂದು ಹೇಳಿ ಹೋದ. ಆದರೆ ಮುಂದಿನ ಗುರುವಾರವೇ ಬಂದ. ಅದರ ಮುಂದಿನದಕ್ಕೂ ಬಂದ. ತೊಡೆಯ ಮೇಲೆ ಅದೇ ಡಬ್ಬಿ. ಸತ್ತ ಫೌಜದಾರ ಬಡ್ತಿಗೆ ಅರ್ಜಿ ಹಾಕಿದ ಅಧ್ಯಾಯದಲ್ಲಿ ಹೊಟ್ಟೆ ಹಿಡಿದುಕೊಂಡು ನಕ್ಕ. ಲಂಗರಪ್ಪನ ಹಸಿ ಹೆಜ್ಜೆಯ ಸಂಗತಿ ಬಂದ ದಿನ ನಗಲಿಲ್ಲ. ಎದ್ದು ಹೋಗುವಾಗ ಬಾಗಿಲಲ್ಲಿ ನಿಂತು, ಯಾರೂ ನೋಡುತ್ತಿಲ್ಲವೆಂದು ತಿಳಿದು, ಹಿಂತಿರುಗಿ ತಾನು ನಡೆದ ಫರಸಿಯ ನೆಲವನ್ನು ನೋಡಿದ. ನಾನು ಬಾಯಿಗೆ ಸೆರಗು ಒತ್ತಿಕೊಂಡೆ. ನಗುವೋ ಅಂಜಿಕೆಯೋ, ನನಗೇ ತಿಳಿಯಲಿಲ್ಲ.

ಸಾಹೇಬರ ಪಾಡು ನನಗೊಬ್ಬಳಿಗೆ ಗೊತ್ತು. ಮುಗಿಯಲು ಬಂದಿದ್ದ ಕಾದಂಬರಿ ಅದು. ಈಗ ಪ್ರತಿ ವಾರ ಅದರ ನಡುವೆ ಒಂದು ಹೊಸ ಅಧ್ಯಾಯ ತುರುಕಬೇಕು. ಮೀನು ಮಾರುವ ಹೆಂಗಸಿಗೆ ಮದುವೆ ಮಾಡಿದರು, ದೀಪಸ್ತಂಭಕ್ಕೆ ಹುಚ್ಚು ಹಿಡಿಸಿದರು, ಹಡಗೊಂದನ್ನು ಸುಮ್ಮಸುಮ್ಮನೆ ನಾಲ್ಕು ವಾರ ಮುಳುಗಿಸಿದರು. "ಬ್ಯಾಸರಾತೇನ್ರಿ ಟೀಚರ್?" ಎಂದು ಬುಧವಾರ ನನ್ನ ಕಟ್ಟೆಗೆ ಬಂದು ಕೇಳುತ್ತಿದ್ದರು. ಮುಖ ಸೊರಗಿತ್ತು. ಪೊಲೀಸರಿಗೆ ಹೇಳಿ ಎಂದೆ. ಹೇಳಿದ್ದರಂತೆ, ಮರುದಿನವೇ ಆ ಸುದ್ದಿ ದಲಾಲಿಗೆ ಮುಟ್ಟಿತ್ತಂತೆ. ಅಂಗಡಿ ಮುಚ್ಚಿ ಎಂದೆ. "ಮುಚ್ಚಿದ್ರ ಆ ಜಾಗಾದಾಗ ಅವನ ಅಂಗಡಿ ಆಗತೈತಿ. ಎದುರಿಗೆ ಕಾಲೇಜು ಐತ್ರಿ" ಎಂದರು.

ಮಂಗಳ ಹೇಗಿರುತ್ತದೆ ಎಂದು ಒಮ್ಮೆ ನನಗೆ ಮಾತ್ರ ಹೇಳಿದ್ದರು. ಅದನ್ನು ಅವರು ಬರೆದಿರಲಿಲ್ಲ, ಬರೆಯುವ ಮನಸ್ಸೂ ಅವರಿಗಿರಲಿಲ್ಲ. ಲಂಗರಪ್ಪ ತಾನೇ ಕೈಯಾರೆ ಸಮುದ್ರದ ತೂಬು ಎತ್ತುತ್ತಾನೆ. ನೀರೆಲ್ಲ ಹರಿದು ಹೋಗುತ್ತದೆ. ಬತ್ತಿದ ಕೆಸರಿನಲ್ಲಿ, ಅವನ ಗುಳಿಗೆ ನುಂಗಿದ ಹುಡುಗರೆಲ್ಲ ಸಾಲಾಗಿ ಕೂತಿದ್ದಾರೆ. ಒಬ್ಬ ಟೀಚರ್ ಹಾಜರಿ ಕೂಗುತ್ತಿದ್ದಾಳೆ. ಒಬ್ಬೊಬ್ಬರೂ ಹಾಜರ್ ಎನ್ನುತ್ತಾರೆ. ಕಡೆಗೆ ಅವಳು ಲಂಗರಪ್ಪನ ಹೆಸರು ಕೂಗುತ್ತಾಳೆ. ಇಷ್ಟು ಹೇಳಿ ಸಾಹೇಬರು ಚಹಾದ ಕಪ್ಪು ಕೆಳಗಿಟ್ಟರು. ಆ ಟೀಚರ್ ನಾನೇ ಏನ್ರಿ ಎಂದು ಕೇಳಲು ಧೈರ್ಯವಾಗಲಿಲ್ಲ.

ಕೆಟ್ಟ ಗುರುವಾರವೆಂದರೆ ದಲಾಲಿ ಓದನ್ನು ನಡುವೆ ತಡೆದ ಆ ಗುರುವಾರ. ಸಾಹೇಬರು ತೂಬಿನ ವರ್ಣನೆಯಲ್ಲಿದ್ದರು. ತೂಬಿನ ಕಲ್ಲುಕಂಬ, ಅದರ ಮೇಲೆ ಕೂರುವ ಮಿಂಚುಳ್ಳಿ, ಎಲ್ಲ ಸೊಗಸಾಗಿತ್ತು. ದಲಾಲಿ ಕೈ ಎತ್ತಿದ.

"ಸಾಹೇಬ್ರ, ಇದು ಸಮುದ್ರ ಅಲ್ಲ. ಇದು ನಮ್ಮೂರ ಕೆರಿ. ಆ ಕಂಬದ ಮ್ಯಾಲಿಂದ ನಾ ಸಣ್ಣಂವ ಇದ್ದಾಗ ಜಿಗದೇನಿ. ಹಂಗಾರ ಲಂಗರಪ್ಪ ಯಾರ್ರಿ?"

ನಸೀಮಾ ಕೈಯಲ್ಲಿ ಹಿಡಿದ ಬಾಟಲಿಯನ್ನು ಇಡಲೂ ಮರೆತಳು.

"ಸಮುದ್ರಕ್ಕ ತೂಬು ಇರ್ತೈತೇನ್ರಿ?" ಅವನು ಮತ್ತೆ ಕೇಳಿದ. ಕತೆ ಹೇಳುವ ನೆಪದಲ್ಲಿ ನೀವು ನನಗೆ ಬೈಯುತ್ತಿದ್ದೀರಿ, ಹಾಗಾದರೆ ಇದು ಪುರಾಣವಲ್ಲ, ಪುರಾಣವಲ್ಲದ ಮೇಲೆ ಕಟ್ಟೂ ಇಲ್ಲ ಎಂಬುದು ಆ ಪ್ರಶ್ನೆಯ ಅರ್ಥ. ಡಬ್ಬಿಯನ್ನು ತೊಡೆಯಿಂದ ಎತ್ತಿ ಗಾಜಿನ ಮೇಲಿಟ್ಟ.

"ನೀವು ನೋಡೀರೇನ್ರಿ ಸಮುದ್ರ?" ಸಾಹೇಬರ ದನಿ ಸೋತಿತ್ತು.

"ಇಲ್ಲ."

"ನಾನೂ ನೋಡಿಲ್ಲ. ಟೀಚರ್ ನೋಡ್ಯಾರ. ಕೇಳ್ರಿ ಅವರನ್ನ."

ಇಬ್ಬರೂ ನನ್ನ ಕಡೆ ತಿರುಗಿದರು. ಹುಡುಗಿಯರ ಉತ್ತರಪತ್ರಿಕೆಗಳಲ್ಲಿ ಅಲ್ಪಪ್ರಾಣ ಮಹಾಪ್ರಾಣದ ತಪ್ಪಿಗೂ ಅಂಕ ಕಡಿದವಳು ನಾನು. ಕೂತಲ್ಲೇ ಬೆನ್ನು ನೆಟ್ಟಗೆ ಮಾಡಿಕೊಂಡು, ತರಗತಿಯ ದನಿಯಲ್ಲಿ, "ಐತಿ. ಕಾರವಾರದಾಗ ಕಣ್ಣಾರೆ ನೋಡೇನಿ. ದೊಡ್ಡ ತೂಬು. ಮ್ಯಾಲೆ ಮಿಂಚುಳ್ಳಿನೂ ಇತ್ತು" ಎಂದೆ. ದಲಾಲಿ ನನ್ನನ್ನು ಬಹಳ ಹೊತ್ತು ನೋಡಿದ. ಆಮೇಲೆ ಡಬ್ಬಿಯನ್ನು ಮತ್ತೆ ತೊಡೆಯ ಮೇಲೆ ಎಳೆದುಕೊಂಡ. "ಟೀಚರ್ ಅಂದ್ರ ಟೀಚರ್. ಓದ್ರಿ" ಎಂದ. ಅವನು ಹೋದ ಮೇಲೆ ಸಾಹೇಬರು ಗಾಜಿಗೆ ಹಣೆ ಹಚ್ಚಿ ನಕ್ಕರು, ನಕ್ಕು ನಕ್ಕು ಅತ್ತರು. "ಮಿಂಚುಳ್ಳಿ ಯಾಕ ಹೇಳಿದ್ರಿ ಟೀಚರ್? ತೂಬು ಒಂದ ಸಾಕಿತ್ತು" ಎಂದರು. ಹೇಳಿದ ಮೇಲೆ ಪೂರ್ತಿ ಹೇಳಬೇಕಲ್ಲರಿ ಎಂದೆ.

ಸಾಹೇಬರು ತೀರಿಹೋದದ್ದು ಒಂದು ಮಧ್ಯಾಹ್ನ, ಕುರ್ಚಿಯಲ್ಲೇ, ಕನ್ನಡಕ ಹಣೆಯ ಮೇಲೆ ಇದ್ದಂತೆಯೇ. ಎದೆನೋವಿಗೆ ನಾಲಿಗೆಯ ಕೆಳಗಿಡುವ ಗುಳಿಗೆ ಕೈಯಳತೆಯಲ್ಲೇ ಇತ್ತಂತೆ, ಎಟುಕಿಸಿಕೊಳ್ಳಲು ಆಗಲಿಲ್ಲ. ಸೂರ್ಯ ಚಂದ್ರರ ಪೊಟ್ಟಣ ಹಿಡಿದು ಎಷ್ಟೋ ಹಳ್ಳಿಯ ಮಂದಿ ಬಂದಿದ್ದರು. ಜನಾಜಾ ಹೊರಟಾಗ ನಾನು ಕಟ್ಟೆಯ ಮೇಲೆ ನಿಂತು ಅತ್ತೆ. ನನ್ನ ಗಂಡ ಹೋದಾಗಲೂ ಅಷ್ಟು ಅತ್ತಿರಲಿಲ್ಲ, ಯಾರು ಏನಾದರೂ ಅಂದುಕೊಳ್ಳಲಿ. ಕಣ್ಣೊರೆಸಿ ನೋಡಿದರೆ ರಸ್ತೆಯ ಆಚೆ ದಲಾಲಿ ನಿಂತಿದ್ದ. ಕಾಲಲ್ಲಿ ಚಪ್ಪಲಿ ಇರಲಿಲ್ಲ.

ತೀರಿಕೊಂಡ ನಲವತ್ತನೆಯ ದಿನದ ಕಾರ್ಯ ಮುಗಿದು, ನಸೀಮಾ ಅಂಗಡಿಯ ಬಾಗಿಲು ತೆರೆದಳು. ಮೊದಲ ಗುರುವಾರ ನಾನು ಕರೆಯದೆಯೇ ಹೋಗಿ ಸಾಹೇಬರ ಸ್ಟೂಲಿನ ಹತ್ತಿರ ಕೂತೆ. ಬರುತ್ತಾನೆಂದು ಗೊತ್ತಿತ್ತು. ಬಂದ. ಡಬ್ಬಿ ತಂದಿದ್ದ. ತನ್ನ ಕುರ್ಚಿಯಲ್ಲಿ ಕೂತ.

"ಟೀಚರ್, ಪುರಾಣ ಮುಗೀಲಿಲ್ಲ" ಎಂದ. "ಅರ್ಧಕ್ಕ ಬಿಟ್ಟ ಪುರಾಣ ಮನಿಗೆ ಒಳ್ಳೇದಲ್ಲ. ಮಂಗಳ ನಿಮಗ ಗೊತ್ತಿರಬೇಕು. ಹೇಳಿಬಿಡ್ರಿ. ಮುಗಿಲಿ."

ನಸೀಮಾ ನನ್ನನ್ನು ನೋಡುತ್ತಿದ್ದಳು. ಅವಳ ಹಿಂದೆ ಗೋಡೆಗೆ ಲೈಸನ್ಸು, ಅದರ ಮೇಲೆ ಅವಳ ಹೆಸರು.

"ಇನ್ನೊಂದು ಮಾತು" ಎಂದ ದಲಾಲಿ, ಅದೇ ಮೆತ್ತನೆಯ ದನಿಯಲ್ಲಿ. "ಹೋದ ವಾರ ಕಾರವಾರಕ್ಕ ಹೋಗಿದ್ನಿ. ಬೇಕಂತನ ಹೋಗಿದ್ನಿ. ಈ ತುದಿಯಿಂದ ಆ ತುದಿಗೆ ನಡದೇನಿ. ಎಲ್ಲೂ ತೂಬು ಇಲ್ರಿ."

ಸಾಹೇಬರು ಇದ್ದಿದ್ದರೆ ಕನ್ನಡಕ ಹಣೆಗೆ ಏರಿಸುತ್ತಿದ್ದರು. ನಾನು ನನ್ನದನ್ನು ಏರಿಸಿದೆ. ಕಣ್ಣು ಮಂಜಾಗಿ ಅವನ ಮುಖ ಕಾಣದಂತಾಯಿತು, ಒಳ್ಳೆಯದೇ ಆಯಿತು.

"ಎಲ್ಲಿ ನಿಂತು ನೋಡಿದಿ?" ಎಂದೆ.

"ದಂಡಿ ಮ್ಯಾಲೆ."

"ನಿಮ್ಮೂರ ಕೆರ್ಯಾಗ ನೀರು ಹೋಗೂ ಬಾಯಿ ಎಲ್ಲಿ ಇರ್ತೈತಿ? ಕಂಬ ಅಲ್ಲ, ಬಾಯಿ."

"ನೀರಿನ ಬುಡಕ್ಕ" ಎಂದ.

"ಯಾರಿಗೆ ಕಾಣತೈತಿ ಅದು?"

ಕೆರೆಯ ಕೆಳಗೆ ಹುಟ್ಟಿದವನಿಗೆ ಅದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಮುಳುಗಿದವರಿಗೆ ಮಾತ್ರ ಕಾಣುತ್ತದೆ. ಅವನು ತಲೆ ತಗ್ಗಿಸಿ ತನ್ನ ಕಾಲ ಕೆಳಗಿನ ಫರಸಿಯನ್ನು ನೋಡಿದ. ಅದು ಒಣಗಿತ್ತು. ಆದರೂ ಅವನು ಪಾದಗಳನ್ನು ಕುರ್ಚಿಯ ಕೆಳಗೆ ಎಳೆದುಕೊಂಡ.

"ನಸೀಮಾ" ಎಂದೆ, "ಎಲಿ ಅಡಕಿ ಇಡು."

ಅವಳು ಅಪ್ಪನ ಹಾಗೆಯೇ ಮುಚ್ಚಳದ ಮೇಲೆ ಎಲೆ ಇಟ್ಟು ಎರಡೂ ಕೈಯಿಂದ ಹಿಡಿದಳು. ಈ ಸಲ ದಲಾಲಿಯ ಕೈ ತಾನಾಗಿ ಬರಲಿಲ್ಲ. ಈಗ ಅವನಿಗೆ ಎಲ್ಲವೂ ಗೊತ್ತು. ಕಟ್ಟು ಏನೆಂದು ಗೊತ್ತು, ನಾವು ಏನು ಮಾಡುತ್ತಿದ್ದೇವೆಂದು ಗೊತ್ತು, ಬೇಡವೆಂದು ಎದ್ದು ಹೋದರೆ ತಡೆಯುವವರಿಲ್ಲವೆಂದೂ ಗೊತ್ತು. ಎಲೆಯನ್ನು ನೋಡುತ್ತ ಕೂತ. ಹೊರಗೆ ಕಾಲೇಜು ಬಿಟ್ಟಿತು. ಹುಡುಗರು ಹುಡುಗಿಯರು ಗದ್ದಲ ಮಾಡುತ್ತ ಅಂಗಡಿಯ ಮುಂದೆ ಹಾದು ಹೋದರು. ಅವರೆಲ್ಲ ಹೋಗಿ ಮುಗಿಯುವವರೆಗೂ ಅವನು ಅವರನ್ನೇ ನೋಡುತ್ತಿದ್ದ.

ಆಮೇಲೆ ಎಲೆ ತೆಗೆದುಕೊಂಡ. ಕಣ್ಣಿಗೆ ಒತ್ತಿಕೊಂಡ.

"ಲಂಗರಪ್ಪಗ ಮುಂದ ಏನಾತ್ರಿ ಟೀಚರ್?" ಎಂದ.

ನಾನು ಕಂಪನಿಯ ಪ್ಯಾಡು ಎತ್ತಿಕೊಂಡೆ. ಮೂಲೆಯಲ್ಲಿ ಕೆಂಪು ಹೃದಯದ ಚಿತ್ರ, ಉಳಿದದ್ದೆಲ್ಲ ಖಾಲಿ. ಅದನ್ನು ಅವನಿಗೆ ಕಾಣದಂತೆ ಮುಖದ ಮುಂದೆ ಹಿಡಿದು, ಗಂಟಲು ಸರಿಮಾಡಿಕೊಂಡು ಓದತೊಡಗಿದೆ: "ಅಂದು ಲಂಗರಪ್ಪ ದಂಡೆಗೆ ಬಂದಾಗ ಸಮುದ್ರ ಇನ್ನೂ ತುಂಬಿತ್ತು. ತೂಬನ್ನು ಯಾರೂ ಮುಟ್ಟಿರಲಿಲ್ಲ."